ಗೂಡಿನೊಳಗಿನ ಪಿಂಗಾಣಿ ಬಟ್ಟಲು

ಠಣ್ ಎಂದು ಒಂದು ಸಣ್ಣ ಸಪ್ಪಳ. ಹಾಸುಗಲ್ಲಿನ ಮೇಲೆ ಪಿಂಗಾಣಿ ಇಟ್ಟರೆ ಬರುವಂಥದು. ಅದು ಗೋಡೆಯಾಚೆ, ಪ್ರಹ್ಲಾದರಾಯರ ಪಡಸಾಲೆಯಿಂದ ಬಂತು. ರಜಾಕಾರರ ಗದ್ದಲ ಅಡಗಿ ನಾಲ್ಕು ವರ್ಷವಾಗಿದ್ದರೂ ಭಾಗಮ್ಮನಿಗೆ ನಿದ್ದೆ ಮರಳಿರಲಿಲ್ಲ. ಚಿತ್ತಾಪುರದ ಆ ಓಣಿಯಲ್ಲಿ ನಡುರಾತ್ರಿ ಬೆಕ್ಕು ಹಾರಿದರೂ ಅವಳಿಗೆ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಗಂಡ ಅಮೃತಪ್ಪ ಗೊರಕೆ ಹೊಡೆಯುತ್ತಿದ್ದ.

ಅಮೃತಪ್ಪ ದವಾಖಾನೆಯ ಕಂಪೌಂಡರ್. ಕಳೆದ ಒಡವೆಯಿರಲಿ, ಸುಳ್ಳು ರುಜುವಿರಲಿ, ಊರವರು ಠಾಣೆಯ ಅಮೀನನಿಗಿಂತ ಮೊದಲು ಅವನ ಬಾಗಿಲು ತಟ್ಟುತ್ತಿದ್ದರು. ಬೆಳಿಗ್ಗೆ ಬಾಗಿಲು ತಟ್ಟಿದವಳು ಪ್ರಹ್ಲಾದರಾಯರ ಸೊಸೆ ವಿಮಲಾಬಾಯಿ.

"ಕಾಕಾ, ನಮ್ಮ ಅತ್ತಿಯವರು ರಾತ್ರಿ ಮಲಗೂವಾಗ ನೆಟ್ಟಗಿದ್ರು, ಬೆಳಗಿನ ಜಾವದಿಂದ ಎಚ್ಚರಾಗವಲ್ದು. ಎಬ್ಬಿಸಿದ್ರ ಸುಮ್ಮನ ನಗ್ತಾರ, ಏನೇನೋ ಬಡಬಡಸ್ತಾರ. ನಾನೇ ಔಷಧ ಹೆಚ್ಚು ಹಾಕೀನಿ ಅಂತಾರ ದೊಡ್ಡತ್ತಿ. ಸಂಜಿ ಗಾಡಿಗೆ ನನ್ನ ತವರಿಗೆ ಅಟ್ಟತಾರಂತ. ಟ್ರಂಕು ಆಗಲೇ ಹೊರಗಿಟ್ಟಾರ."

ಅವಳ ಅತ್ತೆ, ರಾಯರ ಹೆಂಡತಿ ಸೀತಾಬಾಯಿಗೆ ಕೆನ್ನೆಯ ನರದ ನೋವು. ಗಾಳಿ ಸೋಕಿದರೂ ಮುಖದೊಳಗೆ ಸಿಡಿಲು ಹೊಡೆದಂತಾಗುತ್ತಿತ್ತು. ವಾಡಿಯ ಡಾಕ್ಟರು ಸಾರಾಯಿಯಲ್ಲಿ ಇಳಿಸಿದ ಗಾಂಜಾದ ಅರಕು ಬರೆದುಕೊಟ್ಟಿದ್ದರು. ಬಾಟಲಿ ತುಂಬಿ ಕೊಟ್ಟವನು ಅಮೃತಪ್ಪನೇ.

"ಸಕ್ಕರಿ ಮ್ಯಾಲೆ ಹನಿ ಹಾಕಿ ಕೊಡು ಅಂದಿದ್ದೆ."

"ಸಕ್ಕರಿ ಹಲ್ಲಿಗೆ ತಾಕಿದ್ರ ಚೀರತಿದ್ರು. ಅದಕ್ಕ ನೀರಾಗ ಹಾಕಿ ಕೊಡಲಿಕತ್ತಿದ್ದೆ. ಹನ್ನೆರಡು ದಿನಾ ಆತು, ನೋವು ಒಂದೀಟೂ ಇಳಿದಿಲ್ಲ."

ಪಕ್ಕದ ಮನೆಗೆ ಹೋಗಿ ಅಮೃತಪ್ಪ ಮೊದಲು ಸೀತಾಬಾಯಿಯ ನಾಡಿ ನೋಡಿದ. ಜೀವಕ್ಕೆ ಭಯವಿರಲಿಲ್ಲ. ಬಾಟಲಿಗೆ ತಾನು ದಿನಕ್ಕೊಂದು ಗೆರೆ ಎಳೆದು ಅಂಟಿಸಿದ್ದ ಕಾಗದದ ಪಟ್ಟಿ ನೋಡಿದ; ಅರಕು ಸರಿಯಾಗಿ ಹನ್ನೆರಡನೆಯ ಗೆರೆಗಿಳಿದಿತ್ತು, ಹಸಿರಾಗಿ ತಿಳಿಯಾಗಿತ್ತು. ಪಡಸಾಲೆಯ ಗೂಡಿನಲ್ಲಿ ಔಷಧದ ಪಿಂಗಾಣಿ ಬಟ್ಟಲಿತ್ತು. ಒಳಗೆ ಅಂಚಿನ ಹತ್ತಿರ ಕಂದು ಅಂಟು, ಅದರ ಕೆಳಗೆಲ್ಲ ತೊಳೆದಂತೆ ಬಿಳಿ, ಅಲ್ಲೊಂದು ಒಣಗಿದ ಕೆನೆಯ ಚೂರು.

"ಇದನ್ನ ಯಾರು ತಿಕ್ಕತಾರ?"

"ಸಾರಾಯಿ ಬೆರೆತ ಔಷಧದ ಬಟ್ಟಲಾ ನಮ್ಮ ಮನ್ಯಾಗ ಯಾರು ಮುಟ್ಟಬೇಕು?" ಎಂದರು ಮನೆಯ ದೊಡ್ಡತ್ತೆ, ರಾಯರ ವಿಧವೆ ಅಕ್ಕ ರುಕ್ಮಿಣಿಬಾಯಿ. "ಮ್ಯಾಲಿಂದ ನೀರು ಸುರೀತೀವಿ, ಅಷ್ಟ."

ರಾಯರ ಹೆಬ್ಬೆರಳಿಗೆ ಒದ್ದೆ ಬಟ್ಟೆ ಸುತ್ತಿದ್ದನ್ನು ಗಂಡನ ಹಿಂದೆ ಬಂದಿದ್ದ ಭಾಗಮ್ಮ ಕಂಡಳು. ಮನೆಗೆ ಬಂದಮೇಲೆ ಅದನ್ನೂ ರಾತ್ರಿಯ ಸಪ್ಪಳವನ್ನೂ ಗಂಡನಿಗೆ ಹೇಳಿದಳು. ರಾತ್ರಿ ಎದ್ದು ಮತ್ತೆ ಔಷಧ ಕೊಟ್ಟವಳು ಸೊಸೆಯೇ ಎಂದು ವಿಮಲಾಬಾಯಿಗೇ ಕುತ್ತು ಬಂದೀತೆಂಬ ಅಂಜಿಕೆ ಮಾತ್ರ ಅವಳನ್ನು ಸಂಜೆಯವರೆಗೂ ಬಿಡಲಿಲ್ಲ.

ಗಾಡಿಗೆ ಇನ್ನೂ ಒಂದು ತಾಸಿತ್ತು. ಎಲ್ಲರೂ ಪಡಸಾಲೆಯಲ್ಲಿ ಕುಳಿತರು. ವಿಮಲಾಬಾಯಿ ಟ್ರಂಕಿನ ಪಕ್ಕ ನಿಂತೇ ಇದ್ದಳು.

"ನಿನ್ನೆ ಏಕಾದಶಿ, ಕಂಪೌಂಡರ್ ಸಾಹೇಬ್ರ," ಎಂದರು ರುಕ್ಮಿಣಿಬಾಯಿ. "ಸೀತಾನ ಬಾಯಾಗ ಔಷಧ ಬಿಟ್ರ ಬ್ಯಾರೆ ಏನೂ ಹೋಗಿಲ್ಲ. ಕೊಟ್ಟಾಕಿ ಈಕಿ. ಇನ್ನೇನು ಪತ್ತೆ ಹಚ್ಚೋದದ?"

"ಬಾಟಲಿಯಿಂದ ಹನಿ ಹೆಚ್ಚು ಹೋಗಿಲ್ಲವ್ವಾ. ತೆಗೆದು ನೀರು ತುಂಬಿದ್ರ ಅರಕು ಹಾಲಿನಂಗ ಒಡೀತಿತ್ತು. ಅದು ನೀರಿಗೆ ಕೂಡೂದಿಲ್ಲ, ಬಟ್ಟಲಿಗೆ ಅಂಟತದ. ಹನ್ನೆರಡು ದಿನದ ಔಷಧ ಅರ್ಧಕ್ಕರ್ಧ ಆ ಬಟ್ಟಲದಾಗೇ ಉಳೀತು. ಅದಕ್ಕ ನೋವು ಇಳೀಲಿಲ್ಲ."

"ಹಂಗಾದ್ರ ನಿನ್ನೆ ಹ್ಯಾಂಗ ಏರಿತು?"

"ಅಂಟನ್ನ ಬಿಡಿಸೋದು ಬಿಸಿ ಹಾಲು, ತುಪ್ಪ. ಬಟ್ಟಲದಾಗ ಕೆನಿ ಅದ, ಕೆಳಗಿನ ಅಂಟು ಹೋಗ್ಯದ; ಅದೆಲ್ಲಾ ನಿನ್ನೆ ಒಮ್ಮೆಲೇ ಹೊಟ್ಟಿಗೆ ಹೋತು. ಬೈರಾಗಿ ಚಿಲುಮ್ಯಾಗ ಸೇದಿದ್ದು ಲಗೂ ಏರ್ತದ, ಲಗೂ ಇಳೀತದ. ಹೊಟ್ಟಿಗೆ ಹೋದದ್ದು ತಡಾ ಮಾಡಿ ಏರ್ತದ. ವಿಮಲಾ ದೀಪ ಹಚ್ಚೋ ಹೊತ್ತಿಗೆ ಕೊಟ್ಟಾಳ. ಅದಾಗಿದ್ರ ಮಲಗೋಕಿಂತ ಮುಂಚೇನೇ ತಿಳೀತಿತ್ತು. ಬೆಳಗಿನ ಜಾವಕ್ಕ ಏರ್ಯದ ಅಂದ್ರ ನಡುರಾತ್ರಿ ಕುಡದಾರ."

"ಏಕಾದಶಿ ದಿನ ಹಾಲು? ಈ ಮನ್ಯಾಗ?" ರುಕ್ಮಿಣಿಬಾಯಿ ಎದ್ದು ನಿಂತರು. "ನಿನ್ನೆ ನಾವು ಒಲೀನೇ ಹಚ್ಚಿಲ್ಲ."

"ಒಲಿ ಹಚ್ಚದ ಮನ್ಯಾಗ ರಾಯರ ಹೆಬ್ಬೆರಳು ಹ್ಯಾಂಗ ಸುಡ್ತು?"

ಪ್ರಹ್ಲಾದರಾಯರು ಬೆರಳಿನ ಬಟ್ಟೆ ಬಿಚ್ಚಿ ಮತ್ತೆ ಸುತ್ತಿದರು.

"ಮೂರು ದಿನದಿಂದ ಆಕಿ ಒಂದು ತುತ್ತು ಅಗಿದಿರಲಿಲ್ಲ. ಹಸಿವಿಗೆ ಅಳಲಿಕತ್ತಿದ್ಲು. ಹಾಲಿಗೆ ತುಪ್ಪ ಹಾಕಿ ಕಾಸಿದೆ. ಒಳಗಿನ ಲೋಟಾ ತಗೊಂಡ್ರ ಬೆಳಿಗ್ಗಿ ಪಾತ್ರಿ ಎಣಸೂವಾಗ ಅಕ್ಕಗ ತಿಳೀತದಂತ ಗೂಡಿನ ಬಟ್ಟಲಾ ತಗೊಂಡೆ." ಅವರು ಸೊಸೆಯ ಕಡೆಗೆ ತಿರುಗಿದರು. "ಹಾಲಿನಿಂದ ಹಿಂಗಾಗ್ತದಂತ ತಿಳೀಲಿಲ್ಲ, ಖರೆ. ಆದ್ರ ನಿನ್ನ ಟ್ರಂಕು ಹೊರಗ ಬಂದಮ್ಯಾಲೂ ಸುಮ್ಮನಿದ್ದೆ ನೋಡು, ಅದು ನನ್ನ ತಪ್ಪು."

ಒಳಗಿನಿಂದ ತೊದಲು ದನಿ ಬಂತು. "ಯಾರಿದ್ದೀರಿ? ಹಾಲು ಇನ್ನೊಂದೀಟು ಅದ ಏನು?"

ರುಕ್ಮಿಣಿಬಾಯಿ ಟ್ರಂಕಿನ ಒಂದು ಹಿಡಿಕೆಗೆ ತಾವೇ ಕೈಹಾಕಿದರು. "ನಿಂತಿಯಲ್ಲ ವಿಮಲಾ, ಆ ಕಡಿ ಹಿಡಿ. ಒಳಗಿಟ್ಟು ಹಾಲು ಕಾಸು. ಬೆಳ್ಳಿ ಬಟ್ಟಲದಾಗ ಕೊಡು."

ಮರುದಿನ ಬಾವಿಕಟ್ಟೆಯಲ್ಲಿ ಅವರು ಭಾಗಮ್ಮನ ಪಕ್ಕಕ್ಕೆ ಬಂದು ನಿಂತರು. ಸುತ್ತ ಓಣಿಯ ಹೆಂಗಸರೆಲ್ಲ ಇದ್ದರು. ರಾಯರ ಮನೆಯಲ್ಲಿ ಏನಾಯಿತೆಂದು ಕೇಳಲು ಎಲ್ಲರಿಗೂ ಆತುರ.

"ನಮ್ಮ ಗ್ವಾಡಿ ಆಚೀಕೇ ಮಲಗ್ತಿ ನೀ," ಎಂದರು ರುಕ್ಮಿಣಿಬಾಯಿ, ಕೊಡದ ಕಡೆ ನೋಡುತ್ತ. "ಏಕಾದಶಿ ರಾತ್ರಿ ಏನರ ಕೇಳಿಸ್ತೇನು?"

ಭಾಗಮ್ಮ ಹಗ್ಗ ಎಳೆದು ಕೊಡ ಮೇಲೆ ತಂದಳು. ಹೆಂಗಸರೆಲ್ಲ ಅವಳ ಬಾಯಿ ನೋಡುತ್ತಿದ್ದರು.

"ಇಲ್ರಿ ಬಾಯಿ," ಎಂದಳು. "ಆವತ್ತ ನನಗ ಭಾಳ ನಿದ್ದಿ ಹತ್ತಿತ್ತು."