ಬೋಳು ಕೆನ್ನೆ

ದೋಣಿಯಿಂದ ಇಳಿದ ವೆಲುಂಜಾರ ದಡದಲ್ಲಿ ಕಾದು ನಿಂತಿದ್ದ ಜಾಫಿಸೂವಳ ಮುಖವನ್ನು ಒಮ್ಮೆ ದಿಟ್ಟಿಸಿದ. ಆಮೇಲೆ ತಲೆ ತಗ್ಗಿಸಿದ.

"ಚೆನ್ನಾಗಿದೀಯಾ?"

"ಇದೀನಿ. ನೀನು?"

"ನನಗೇನಾಗತ್ತೆ. ಉಪ್ಪುನೀರಲ್ಲಿ ನೆಂದ ಮರ."

ಅವನ ಕಂಕುಳಲ್ಲಿ ಬಟ್ಟೆ ಸುತ್ತಿದ ಮಸುಂಜುವಾನಿ ಕೊರಡಿತ್ತು, ಹೆಂಗಸರು ಮುಖಕ್ಕೆ ಹಚ್ಚುವ ಹಳದಿ ಗಂಧದ ಕೊರಡು. ಪ್ರತಿ ಸಲ ಅವಳಿಗೆಂದೇ ತರುತ್ತಿದ್ದವನು ಈ ಸಲ ಕೊಡಲಿಲ್ಲ. "ಸಂಜೆ ನೀರಿಳಿತಕ್ಕೆ ಹೊರಟುಬಿಡ್ತೀನಿ" ಎಂದಷ್ಟೇ ಹೇಳಿ ಹೋದ.

ಇಡೀ ಮಳೆಗಾಲ ಕಾದದ್ದು ಇದಕ್ಕೇನಾ? ಅವಳ ಗಂಡ ತೀರಿಕೊಂಡ ವರ್ಷ, ಹೊರಡುವಾಗ ಇದೇ ವೆಲುಂಜಾರ ಹೇಳಿದ್ದ: "ಸೂತಕ ಮುಗೀಲಿ. ಬಂದು ಒಂದು ಮಾತು ಕೇಳೋದಿದೆ." ಆ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಉತ್ತರವನ್ನೂ ಸಿದ್ಧವಾಗಿಟ್ಟುಕೊಂಡಿದ್ದಳು. ಅಯ್ಯೋ, ಅವನು ಕೇಳಲೇ ಇಲ್ಲವಲ್ಲ!

ಹೊತ್ತು ಇಳಿಯುವವರೆಗೂ ತಡೆದುಕೊಂಡಿದ್ದ ಜಾಫಿಸೂವ ಆಮೇಲೆ ಕ್ರೀಮ್ ಕಂಪನಿಯ ಕೋಣೆಗೆ ಹೋದಳು. ರಾಜಧಾನಿಯಿಂದ ಬಂದಿದ್ದ ಹನಿತ್ರ ಎಂಬ ಹುಡುಗಿ ಅಲ್ಲಿ ಸುಕ್ಕು ಕಳೆಯುವ ಒಂದೆಲಗದ ಸಾರದ ಕ್ರೀಮನ್ನು ಜಾಫಿಸೂವಳೂ ಸೇರಿದಂತೆ ಊರಿನ ಕೆಲವು ಹೆಂಗಸರ ಮೇಲೆ ಪರೀಕ್ಷಿಸುತ್ತಿದ್ದಳು.

"ನಿನ್ನ ಒಂದೆಲಗಕ್ಕಿಷ್ಟು ಬೆಂಕಿ ಹಾಕ! ನನ್ನ ಸುಕ್ಕು ನೋಡಿ ಅವನು ತಲೆ ತಗ್ಗಿಸಿದ."

"ಸುಕ್ಕೆಲ್ಲಿದೆ ಅಮ್ಮಾ? ಎಷ್ಟು ಕಮ್ಮಿಯಾಗಿದೆ, ನೀವೇ ನೋಡಿ" ಎಂದು ಹನಿತ್ರ ಕನ್ನಡಿ ಹಿಡಿದಳು.

ಜಾಫಿಸೂವ ನೋಡಿದಳು. ಗೆರೆಗಳು ನಿಜಕ್ಕೂ ತೆಳುವಾಗಿದ್ದವು. ಆದರೆ ಅವಳಿಗೆ ಕಂಡದ್ದು ಗೆರೆಯಲ್ಲ, ಬೋಳು ಕೆನ್ನೆ. ಗಂಡನನ್ನು ಮಣ್ಣು ಮಾಡಿದ ದಿನದ ಮುಖ. ಈ ಕರಾವಳಿಯಲ್ಲಿ ಹಳದಿ ಗಂಧವಿಲ್ಲದ ಮುಖವೆಂದರೆ ಸೂತಕದ ಮುಖ. ಕ್ರೀಮಿನ ಜೊತೆ ಬೇರೇನನ್ನೂ ಹಚ್ಚಬಾರದೆಂಬ ಕಟ್ಟುಪಾಡು ಊರಿಗೆಲ್ಲ ಗೊತ್ತು. ಕಡಲಲ್ಲಿದ್ದವನಿಗೆ ಯಾರು ಹೇಳಬೇಕಿತ್ತು? ಅವಳಿನ್ನೂ ಸತ್ತ ಗಂಡನ ಹೆಂಡತಿಯಾಗಿಯೇ ಉಳಿದಿದ್ದಾಳೆಂದು ಅವನು ತಿಳಿದಿದ್ದ. ಅವಳು ಕನ್ನಡಿಯನ್ನು ಪಕ್ಕಕ್ಕೆ ತಳ್ಳಿದಳು.

"ನಾನು ಗಂಧ ಹಚ್ಕೋಬೇಕು."

"ಇವತ್ತಾ? ಪರೀಕ್ಷೆ ಇನ್ನೇನು ಮುಗೀತಾ ಬಂತು! ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗತ್ತೆ ಅಮ್ಮಾ!"

"ಆಗ್ಲಿ ಬಿಡು ತಾಯಿ."

ಮನೆಯ ಮೂಲೆಯಲ್ಲಿ ಗಂಧ ತೇಯುವ ಹವಳದ ಕಲ್ಲು ಧೂಳು ಹಿಡಿದು ಬಿದ್ದಿತ್ತು. ವೆಲುಂಜಾರ ಎಂದೋ ತಂದಿದ್ದ ಕೊರಡಿನ ತುಂಡನ್ನು ನೀರು ಬಿಟ್ಟು ತೇಯತೊಡಗಿದಳು. ಒಂದು ಕೆನ್ನೆಗೆ ಹಚ್ಚುವಷ್ಟರಲ್ಲಿ ಹಾಯಿ ಎಳೆಯುವವರ ಕೂಗು ಕೇಳಿಸಿತು. ಇದ್ದ ಹಾಗೆಯೇ ಓಡಿದಳು.

ವೆಲುಂಜಾರ ದಡಕ್ಕೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದ. ಅವಳ ಅರ್ಧ ಹಳದಿ ಮುಖ ನೋಡಿ ಅವನ ಕೈ ನಿಂತಿತು.

"ಸೂತಕ...?"

"ಯಾವಾಗ್ಲೋ ಮುಗೀತು."

"ಮತ್ತೆ ಬೆಳಿಗ್ಗೆ?"

"ಕ್ರೀಮಿನವರ ಪರೀಕ್ಷೆಗೆ ಸೇರಿದ್ದೆ. ಬೇರೇನೂ ಹಚ್ಚೋ ಹಾಗಿಲ್ಲ."

"ನಿನಗ್ಯಾಕೆ ಬೇಕಿತ್ತು ಕ್ರೀಮು?"

"ನೀನು ಬರೋ ಹೊತ್ತಿಗೆ ಸ್ವಲ್ಪ ಚೆನ್ನಾಗಿ ಕಾಣೋಣ ಅಂತ ಕಣೋ, ದಡ್ಡ!" ಅವಳಿಗೆ ಅಳು ಬಂದುಬಿಟ್ಟಿತು.

ಅವನು ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ. "ಇನ್ನು ಈ ದಡಕ್ಕೆ ಕಾಲಿಡಬಾರ್ದು ಅಂತ ಗಟ್ಟಿ ಮಾಡ್ಕೊಂಡಿದ್ದೆ, ಜಾಫಿ. ಸತ್ತವನ ಹತ್ರ ಹೇಗೆ ಜಗಳಾಡೋದು?"

ದೋಣಿಯಿಂದ ಯಾರೋ ಕೂಗಿದರು, "ನೀರು ಇಳೀತಾ ಇದೆ!"

"ಇಳೀಲಿ. ನಾಳೆಯೂ ಇಳಿಯತ್ತೆ" ಎಂದ ವೆಲುಂಜಾರ. ಬಟ್ಟೆ ಬಿಚ್ಚಿ ಕೊರಡು ತೆಗೆದ. ದಡದ ಹವಳದ ಕಲ್ಲೊಂದರ ಮೇಲೆ ಕುಡಿಯುವ ನೀರು ಸುರಿದ. ಗಂಡಸು ಗಂಧ ತೇಯುವುದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಮೀನು ಮಾರುವವರೆಲ್ಲ ನಿಂತು ನೋಡುತ್ತಿದ್ದರು. ಅವನು ಅತ್ತ ತಿರುಗಲೂ ಇಲ್ಲ.

ಅವಳ ಇನ್ನೊಂದು ಕೆನ್ನೆಗೆ ಬೆರಳು ಮುಟ್ಟಿಸಿ, ಕಣ್ಣಿನ ಅಂಚಿನಲ್ಲಿ ತಡೆದ.

"ಇಲ್ಲೊಂದು ಗೆರೆ ಇತ್ತಲ್ಲ, ನಕ್ಕಾಗ ಬರ್ತಿತ್ತು?"

"ಹೋಯ್ತು."

"ಹೋದ್ರೆ ಹೋಗ್ಲಿ. ನನ್ನ ಜೊತೆ ಇರು, ಮತ್ತೆ ಬರತ್ತೆ."

ಅವಳು ಸಿದ್ಧವಾಗಿಟ್ಟುಕೊಂಡಿದ್ದ ಉತ್ತರ ಮರೆತೇಹೋಗಿತ್ತು. ಸುಮ್ಮನೆ ಕಣ್ಣು ಮುಚ್ಚಿ ಕೆನ್ನೆಯೊಡ್ಡಿದಳು.