ಕೆಂಪು, ಅಡ್ಡಲಾಗಿ ಒಂದು ಗೆರೆ

ಎಂಬತ್ತು ಅಡಿ ಆಳ!

ಸಂಡೂರಿನ ಬೆಟ್ಟದಲ್ಲಿ ಅಗೆದು ಬಿಟ್ಟ ಅದಿರಿನ ಗುಂಡಿ. ಅಂಚಿನಲ್ಲಿ ನಾನು. ಕಾಲರ್ ಹಿಡಿದು ನನ್ನನ್ನು ಹೊರಕ್ಕೆ ಬಾಗಿಸಿದ್ದವರು ಇಬ್ಬರು ದಾಂಡಿಗರು. ಹೊಸಪೇಟೆಯ ನಂಬರ್ ಒನ್ ಡಿಟೆಕ್ಟಿವ್ ಎಂದು ನಾನೇ ಬೋರ್ಡ್ ಬರೆಸಿಕೊಂಡಿದ್ದೆ. ಆ ನಂಬರ್ ಒನ್ ಜೀವ ಈಗ ಸಂತೆಯಲ್ಲಿ ಕೊಂಡ ಅಂಗಿಯ ಹೊಲಿಗೆಯ ಮೇಲೆ ನಿಂತಿತ್ತು...

"ಉಳಿದ ನಾಕು ಎಲ್ಲಿ ಅದಾವ? ಹೇಳಲೇ!"

ಹೀಗೆ ಗರ್ಜಿಸಿದವನು ಜಡೆಪ್ಪ. ನನ್ನ ಕ್ಲೈಂಟ್!

ವಡ್ಡು ಎಂಬ ಹಳ್ಳಿಯ ಹತ್ತಿರ ಅದಿರು ತೊಳೆಯುವ ಘಟಕ ಅವನದು. ಹಿಂದಿನ ದಿನ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ್ದ. "ಕಂಪ್ಲ್ಯಾಗ ಗಂಗಾಂಬಿಕಾ ಅನ್ನಾಕಿ ಪ್ರದರ್ಶನ ಇಟ್ಟಾಳ. ಇದನ್ನ ಎತ್ಕೊಂಡು ಬಾ. ಯಾಕ ಅಂತ ಕೇಳಬ್ಯಾಡ."

ಕೇಳಲಿಲ್ಲ. ಕೇಳುವಷ್ಟು ಬುದ್ಧಿ ಇದ್ದಿದ್ದರೆ ಈ ಕಸುಬಿಗೆ ಬರುತ್ತಿದ್ದೆನೇ?

ಬೆಳಿಗ್ಗೆ ಕಂಪ್ಲಿಗೆ ಹೋದೆ. ಮುಚ್ಚಿದ ರೈಸ್ ಮಿಲ್ಲಿನ ಗೋಡೆ ತುಂಬ ಫೋಟೊಗಳು. ಮನುಷ್ಯರಿಲ್ಲ, ಮರವಿಲ್ಲ, ಹಂಪಿಯ ಒಂದು ಕಂಬವೂ ಇಲ್ಲ! ನನಗೆ ಬೇಕಾದದ್ದು ನಡುವೆ ತೂಗುತ್ತಿತ್ತು. ನಾಲ್ಕಡಿ ಅಗಲದ ಕೆಂಪು. ಅಡ್ಡಲಾಗಿ ಒಂದು ಕಪ್ಪು ಗೆರೆ. ಅಷ್ಟೇ.

"ಏನ್ರೀ ಇದು?"

"ಅಮೂರ್ತ ರೀ," ಎಂದಳು ಗಂಗಾಂಬಿಕಾ. ಕಬ್ಬು ಬೆಳೆಯುವವರ ಮಗಳು. ಕೊರಳಲ್ಲಿ ಕ್ಯಾಮೆರಾ. "ಬಣ್ಣ ನೋಡ್ರಿ, ಗೆರಿ ನೋಡ್ರಿ. ಸಾಕು."

"ಎಲ್ಲಿ ತಗದದ್ದು?"

"ಹೇಳಿದ್ರ ನೀವು ಜಾಗ ನೋಡ್ತೀರಿ. ಫೋಟೊ ನೋಡಂಗಿಲ್ಲ."

ತಲೆ ಓರೆ ಮಾಡಿ ನೋಡಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ನನಗೆ ಕಂಡದ್ದು ಸೀದುಹೋದ ದೋಸೆ!

"ಕುಂದ್ರಿ, ಚಾ ತರ್ತೀನಿ," ಎಂದು ಹೊರಗೆ ಹೋದಳು.

ನಾನು ಫ್ರೇಮ್ ಇಳಿಸಿ ಜೀಪಿಗೆ ಹಾಕಿ ಹೊರಟೆ. ಕನ್ನಡಿಯಲ್ಲಿ, ಎರಡು ಲೋಟ ಹಿಡಿದು ನಿಂತ ಆಕೆ ಕಂಡಳು. ನಾಚಿಕೆಯಾಯಿತು. ಸ್ಪೀಡ್ ಜಾಸ್ತಿ ಮಾಡಿದೆ.

ಗುಂಡಿಯ ಬಳಿ ಜಡೆಪ್ಪ ಫ್ರೇಮ್ ತಿರುಗಿಸಿದ. ಹಿಂದೆ ಒಂದು ಚೀಟಿ: 'ಐದು ಪ್ರತಿಗಳಲ್ಲಿ ಮೊದಲನೆಯದು.' ಕೆಳಗೆ ಗಂಗಾಂಬಿಕಾಳ ನಂಬರ್. ಅವನ ಮುಖ ಕಪ್ಪಿಟ್ಟಿತು. ನನ್ನ ಕಾಲರ್‌ಗೆ ಕೈ ಬಿತ್ತು.

"ನನಗ ಗೊತ್ತಿಲ್ರೀ! ಆಕಿನ್ನೇ ಕೇಳ್ರಿ!" ಎಂದು ಕಿರುಚಿದೆ. ಧೀರ ಪತ್ತೇದಾರ!

ಜಡೆಪ್ಪ ಫೋನ್ ಹಚ್ಚಿ ಸ್ಪೀಕರ್ ಒತ್ತಿದ.

"ಏನಮ್ಮಾ! ವಡ್ಡು ಕೆರ್ಯಾಗ ನನ್ನ ಪೈಪಿನ ಫೋಟೊ ಯಾಕ ತಗದಿ? ಜಾಲಿ ಗಿಡದ ಬುಡಕ ಹುಗಿದಿಟ್ಟದ್ದು ನಿನಗ ಹೆಂಗ ಕಾಣಿಸ್ತು?"



"ಯಾವ ಪೈಪ್ ರೀ?" ಗಂಗಾಂಬಿಕಾಳ ದನಿ. "ಅದು ನಮ್ಮ ಆಲೆಮನ್ಯಾಗ ಬೆಲ್ಲ ಕಾಸೋ ಕೊಪ್ಪರಿಗಿ ತಳ. ತುಕ್ಕು ಹಿಡದೈತಿ. ಗೆರಿ ಅಂದ್ರ ಬಿರುಕು."

ಜಡೆಪ್ಪನ ಕೈಯಿಂದ ಫ್ರೇಮ್ ನೆಲಕ್ಕೆ ಜಾರಿತು.

ಫೋನಿನಲ್ಲಿ ಇನ್ನೊಂದು ದನಿ. ಮುದಿ ದನಿ.

"ನಾನು ವಡ್ಡು ವಿರುಪಮ್ಮ. ನಾನೂ ಆ ಫೋಟೊದಾಗ ಇರೋದು ನಮ್ಮ ಕೆರಿ ಅಂತಾನೇ ನೋಡಾಕ ಬಂದಿದ್ದೆ. ನೀರು ಯಾಕ ಕೆಂಪಾತು ಅಂತ ಎರಡು ವರ್ಷದಿಂದ ನಿನ್ನ ಕೇಳಾಕ ಹತ್ತೀನಿ. ನನ್ನ ಮೂರು ಎಮ್ಮಿ ಸತ್ವು... ಯಾವ ಜಾಲಿ ಗಿಡ, ಜಡೆಪ್ಪಾ?"

ಎಡಗಡೆಯ ದಾಂಡಿಗ ನಿಧಾನವಾಗಿ ನನ್ನನ್ನು ಒಳಕ್ಕೆ ಎಳೆದುಕೊಂಡ.

"ಅಣ್ಣಾ... ಆ ನೀರು ನಮ್ಮವ್ವನೂ ಕುಡೀತಾಳ." ಇಬ್ಬರೂ ನನ್ನ ಕಾಲರ್ ಬಿಟ್ಟರು.

"ಹಿಡೀರಲೇ ಅವನ್ನ!" ಜಡೆಪ್ಪ ಕೂಗಿದ.

ನಾನು ಓಡಿದೆ. ಫ್ರೇಮ್ ಸಮೇತ! ಅದನ್ನು ಅಲ್ಲೇ ಬಿಟ್ಟು ಬರಲು ಆ ಎರಡು ಲೋಟ ಚಹಾ ಬಿಡಲಿಲ್ಲ. ಬೆಟ್ಟದ ಗಾಳಿ ನಾಲ್ಕಡಿ ಫೋಟೊವನ್ನು ಗಾಳಿಪಟ ಮಾಡಿತು. ಮುಗ್ಗರಿಸಿದೆ. ಅದಿರಿನ ಧೂಳಿನ ಇಳಿಜಾರಿನಲ್ಲಿ ಫ್ರೇಮಿನ ಮೇಲೆ ಕೂತೇ ಜಾರಿದೆ. ಹಿಂದೆ ಜಡೆಪ್ಪನ ಬೈಗುಳ, ಒಂದೆರಡು ಕಲ್ಲು... ಜೀಪಿನ ಬಂಪರಿಗೆ ಮಂಡಿ ಬಡಿದಾಗ ನಿಂತೆ. ಅಮ್ಮಾ ಅಂದೆ. ಜೋರಾಗಿಯೇ ಅಂದೆ.

ಸಂಜೆಯೊಳಗೆ ವಡ್ಡುವಿನ ಹೆಂಗಸರು ಕೆರೆಯ ಏರಿಯಲ್ಲಿದ್ದ ಜಾಲಿ ಗಿಡಗಳ ಬುಡ ಅಗೆದರು. ಹನ್ನೊಂದನೆಯದರ ಕೆಳಗೆ, ಘಟಕದ ಕೆಂಪು ನೀರನ್ನು ಕೆರೆಗೆ ಬಿಡುತ್ತಿದ್ದ ಪೈಪ್ ಸಿಕ್ಕಿತು. ಮರುದಿನ ಘಟಕಕ್ಕೆ ಬೀಗ ಬಿತ್ತು. ಜಡೆಪ್ಪ ಪೊಲೀಸ್ ಜೀಪು ಹತ್ತಿದ.

ನಾನು ಮುರಿದ ಫ್ರೇಮ್ ಹೊತ್ತು, ಕುಂಟುತ್ತಾ ಕಂಪ್ಲಿಗೆ ಹೋದೆ. ಹಾರ ಬೇಡ, ಒಂದು ಥ್ಯಾಂಕ್ಸ್ ಸಾಕು ಅಂದುಕೊಂಡಿದ್ದೆ. ಗಂಗಾಂಬಿಕಾ ಫೋಟೊ ನೋಡಿದಳು. ನನ್ನನ್ನು ನೋಡಿದಳು. ಸೀದಾ ಠಾಣೆಗೆ ಹೋಗಿ ಕಳ್ಳತನದ ದೂರು ಕೊಟ್ಟಳು.

ಠಾಣೆಯಲ್ಲಿ ನನ್ನ ಫೋಟೊ ತೆಗೆದರು. ಎದುರಿನಿಂದ ಒಂದು, ಪಕ್ಕದಿಂದ ಒಂದು.

ಅದರಲ್ಲಿ ಅಮೂರ್ತ ಏನೂ ಇರಲಿಲ್ಲ!