ಕೆಂಪು ದೀಪದ ಕೆಳಗಿನ ಮುಖ

ಅವನ ಮೊದಲ ಭೇಟಿಯೇ ಬೈಗುಳದಿಂದ ಶುರುವಾಯಿತು. ಸೋದರಮಾವನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯನ್ನು ಉಗ್ರಾಣವೆಂದುಕೊಂಡು ಬಾಗಿಲನ್ನು ಧಡಾರನೆ ತೆಗೆದಿದ್ದೆ. ಒಳಗೆ, ಫೋಟೋ ತೊಳೆಯುವ ಕತ್ತಲ ಕೋಣೆಯ ಕೆಂಪು ದೀಪ. ಅದರಡಿ ಟ್ರೇಯೊಂದಕ್ಕೆ ಬಾಗಿದ್ದ ಉದ್ದನೆಯ ಮನುಷ್ಯ.

"ಅಯ್ಯೋ, ಬಾಗಿಲು! ಒಂದು ಮದುವೆ ಪೂರ್ತಿ ಕಪ್ಪಾಗಿ ಹೋಯ್ತಲ್ರೀ!"

"ಮನಸ್ಸು ಬದಲಾಯಿಸೋಕೆ ಅವರಿಗೆ ಇನ್ನೊಂದು ಚಾನ್ಸ್ ಸಿಕ್ತು ಅಂದ್ಕೊಳ್ಳಿ," ಎಂದೆ, ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು.

ಕೋಪ ಮಾಡಿಕೊಳ್ಳಬೇಕಾದವನು ನಕ್ಕುಬಿಟ್ಟ. ಅಲ್ಲೇ ಎಡವಟ್ಟಾಯಿತು.

ಮಾವ ಅವನನ್ನು 'ಕತ್ತಲೆರಾಯ' ಎನ್ನುತ್ತಿದ್ದ. ನಾನು ಮುಂದಿನ ಕೋಣೆಯ ಇಂಕ್‌ಜೆಟ್ ಪ್ರಿಂಟರ್ ನೋಡಿಕೊಳ್ಳಲು ಬಂದವಳಾದ್ದರಿಂದ ಕತ್ತಲೆರಾಯನ ಬಾಯಲ್ಲಿ 'ಮೆಷಿನ್ ಮೇಡಂ' ಆದೆ.

"ನಿಮ್ಮ ಮೆಷಿನ್‌ಗೆ ಹೊಟ್ಟೆನೋವಾ ಮೇಡಂ? ಬೆಳಿಗ್ಗೆಯಿಂದ ನರಳ್ತಾ ಇದೆ."

"ನರಳಿದ್ರೂ ನಿಮ್ಮ ಟ್ರೇ ಥರ ನಾರಲ್ಲ."

ಕತ್ತಲಲ್ಲಿ ಮಾತ್ರ ಮುಖ ಕಾಣಿಸುತ್ತಿದ್ದ ರಾಜಕುಮಾರಿಯ ಕಥೆಯೊಂದನ್ನು ನನ್ನಜ್ಜಿ ಹೇಳುತ್ತಿದ್ದಳು. ದೀಪ ತಂದವರಿಗೆಲ್ಲ ಬರೀ ನೆರಳು. "ಆಮೇಲೆ?" ಎಂದರೆ, "ಆಮೇಲೆ ನಿನಗೆ ನಿದ್ದೆ ಬಂತು," ಎನ್ನುತ್ತಿದ್ದಳು. ಕೆಂಪು ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲೆ ಮೊದಲು ಯಾರದೋ ಹುಬ್ಬು, ಆಮೇಲೆ ಕಣ್ಣು ಮೂಡುವುದನ್ನು ನೋಡುವಾಗ ಅಜ್ಜಿ ಆ ಕಥೆಯನ್ನು ಮುಂದುವರಿಸಿದಂತೆ ಅನಿಸುತ್ತಿತ್ತು.

ಒಂದು ದಿನ ಮಾವ ಒಂದೇ ನೆಗೆಟಿವನ್ನು ಇಬ್ಬರ ಕೈಯಲ್ಲೂ ಪ್ರಿಂಟ್ ಮಾಡಿಸಿ ಗಿರಾಕಿಗಳ ಮುಂದಿಟ್ಟ. ಬಂದವರೆಲ್ಲ ನನ್ನದಕ್ಕೇ ಬೊಟ್ಟುಮಾಡಿದರು. ಗೆದ್ದೆನೆಂದು ಅವನತ್ತ ಹುಬ್ಬು ಹಾರಿಸಿದೆ. ಅವನೂ ಮುಗುಳ್ನಕ್ಕ. ಆಗ ಮಾವ ಅವನ ಹೆಗಲ ಮೇಲೆ ಕೈಯಿಟ್ಟ.

"ಹಿಂದಿನ ಕೋಣೆ ಗೋಡೆ ಒಡೆಸ್ತೀನಿ ಕಣೋ. ದೊಡ್ಡ ಮೆಷಿನ್ ಬರುತ್ತೆ. ನೀನೂ ಇವಳ ಪಕ್ಕ ಕೂತು ಕಲಿ."

ಕೂತ. ಬೆಳಕಿಗೂ ಹಾಳೆಗೂ ನಡುವೆ ಅಂಗೈ ಆಡಿಸಿ, ನೆರಳು ಚೆಲ್ಲಿ, ಜನರ ಮುಖಗಳನ್ನು ತಿಳಿಯಾಗಿಸುತ್ತಿದ್ದ ಕೈ ಮೌಸಿನ ಮೇಲೆ ಪರಿಚಯವಿಲ್ಲದ ಮನೆಗೆ ಬಂದ ನೆಂಟನಂತೆ ಮುದುಡಿತ್ತು. ನನಗೆ ಅವನು ಪಕ್ಕದಲ್ಲಿರುವುದೇ ಸಾಕಾಗಿತ್ತು. ಅವನ ಕೈಗೆ ಸಾಕಾಗಿರಲಿಲ್ಲ.

ದೂರದ ಊರಿನ ಸಂಗ್ರಹಾಲಯದಿಂದ ಅವನಿಗೆ ಕರೆ ಬಂತು. ಹಳೆಯ ನೆಗೆಟಿವ್‌ಗಳನ್ನು ಡಾರ್ಕ್‌ರೂಮಿನಲ್ಲೇ ಪ್ರಿಂಟ್ ಮಾಡುವವರು ಬೇಕಂತೆ.

"ಹೋಗ್ತೀರಾ?"

"ನೋಡ್ಬೇಕು," ಎಂದು ನನ್ನ ಮುಖ ನೋಡಿದ. ನಾನು ಕಂಪ್ಯೂಟರ್ ಪರದೆ ನೋಡಿದೆ.

ಕೊನೆಯ ಮಧ್ಯಾಹ್ನ, ಟಿಕೆಟ್ ಜೇಬಿನಲ್ಲಿಟ್ಟುಕೊಂಡೇ ಕರೆದ. "ಒಂದು ಹಾಳೆ ಉಳಿದಿದೆ. ಬನ್ನಿ. ಈ ಸಲ ಬಾಗಿಲು ತಟ್ಟಿ."

ಆ ನೆಗೆಟಿವ್‌ನಲ್ಲಿ ಇದ್ದವಳು ನಾನು, ಸೊಂಟಕ್ಕೆ ಕೈಯಿಟ್ಟು ಪ್ರಿಂಟರನ್ನು ಬೈಯುತ್ತಿದ್ದವಳು.

"ಕಳ್ಳ! ಯಾವಾಗ ತೆಗೆದ್ರಿ?"

"ನಿಮ್ಮಿಬ್ಬರ ಜಗಳ ಜೋರಾಗಿದ್ದಾಗ."

ಹಾಳೆಯ ಮೇಲಿನ ನನ್ನ ಮುಖಕ್ಕೆ ಅವನ ಅಂಗೈಯ ನೆರಳು ಬಿತ್ತು. ತಣ್ಣಗಾದದ್ದು ನನ್ನ ನಿಜದ ಕೆನ್ನೆ. ಡೆವಲಪರ್ ಟ್ರೇಯನ್ನು ಇಬ್ಬರೂ ಹಿಡಿದು ಮೆಲ್ಲಗೆ ತೂಗಿದೆವು. ಹುಬ್ಬು ಬಂತು, ಕಣ್ಣು ಬಂತು. ಅವನ ಒದ್ದೆ ಬೆರಳು ನನ್ನ ಬೆರಳಿಗೆ ತಾಗಿತು. ಇಬ್ಬರೂ ಹಿಂದೆ ಸರಿಯಲಿಲ್ಲ. ಹಾಳೆ ಯಾವ ಟ್ರೇಯಿಂದ ಯಾವ ಟ್ರೇಗೆ, ಯಾರ ಕೈಯಿಂದ ದಾಟಿತೋ, ಇಬ್ಬರಿಗೂ ಎಚ್ಚರವಿರಲಿಲ್ಲ.

ಹಾಳೆ ಒಣಗುವಷ್ಟರಲ್ಲಿ ಅವನು ದ್ರಾವಣಗಳನ್ನೆಲ್ಲ ಚೆಲ್ಲಿ, ಟ್ರೇಗಳನ್ನು ತೊಳೆದು ಕವುಚಿಟ್ಟ. ಆಮೇಲೆ ಬಾಗಿಲು ತೆರೆದ.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಿತ್ರದೊಳಗಿನ ನನ್ನ ಹಣೆಗೆ ಮೊದಲು ನೇರಳೆ ಬಣ್ಣ ಹತ್ತಿತು. ನಂತರ ಕೆನ್ನೆಗೆ.

"ಫಿಕ್ಸರ್‌ಗೆ ನೀವು ಹಾಕಿದ್ರಲ್ವಾ?" ಎಂದ.

"ನೀವು ಹಾಕಿದ್ರಿ ಅಂದ್ಕೊಂಡೆ..."

ಚಿತ್ರವನ್ನು ಬೆಳಕು ತಿನ್ನದಂತೆ ಉಳಿಸುವ ಫಿಕ್ಸರ್ ಆಗಲೇ ಚರಂಡಿ ಸೇರಿತ್ತು.

"ನೆಗೆಟಿವ್ ಇದೆಯಲ್ಲ," ಎಂದೆ. "ಸ್ಕ್ಯಾನ್ ಮಾಡಿ ಎಷ್ಟು ಬೇಕಾದ್ರೂ ತೆಗೆದುಕೊಡ್ತೀನಿ."

"ಎಷ್ಟು ಬೇಕಾದ್ರೂ ಬರುತ್ತೆ. ಇದರಲ್ಲಿ ನಿನ್ನ ಕೈ ಇತ್ತು."

ಮೊದಲ ಸಲ 'ನೀನು' ಎಂದಿದ್ದ.

"ಇರು ಅಂತ ನೀನು ಹೇಳ್ತೀಯ ಅಂತ ಇಷ್ಟು ದಿನ ಕಾದೆ," ಎಂದ.

"ಇರ್ತೀನಿ ಅಂತ ನೀವೇ ಹೇಳ್ತೀರ ಅಂತ ನಾನು..."

"ಈಗ ಹೇಳು. ಟಿಕೆಟ್ ಹರಿದು ಹಾಕ್ತೀನಿ."

ಮಾತು ನಾಲಿಗೆಯ ತುದಿಯಲ್ಲಿತ್ತು. ಮೌಸಿನ ಮೇಲೆ ಮುದುಡಿದ್ದ ಆ ಕೈ ಕಣ್ಣಮುಂದೆ ಬಂತು. ನಾನೇ ಬರುತ್ತೇನೆ ಎನ್ನೋಣವೆಂದರೆ, ನನ್ನನ್ನು ಸಾಕಿ ಬೆಳೆಸಿದ ಮಾವ ನನ್ನೊಬ್ಬಳನ್ನೇ ನಂಬಿ ಗೋಡೆ ಒಡೆಸಲು ಹೊರಟಿದ್ದ. ಹೊರಗೆ ಮಾವ ಮೇಸ್ತ್ರಿಗೆ ಅಳತೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

ಫೋಟೋ ಹಾಳೆಗಳು ಬೆಳಕು ತಾಗದಂತೆ ಬರುತ್ತಿದ್ದ ಕಪ್ಪು ಲಕೋಟೆಯೊಳಗೆ ಚಿತ್ರವನ್ನು ಸೇರಿಸಿ ಅವನ ಕೈಗಿಟ್ಟೆ.

"ಅಲ್ಲಿ ಹೋಗಿ ಕೆಂಪು ದೀಪದಲ್ಲೇ ತೆಗೀರಿ. ಫಿಕ್ಸರ್‌ಗೆ ಹಾಕಿ. ಎಷ್ಟು ಉಳಿದಿದೆಯೋ ಅಷ್ಟು ಇಟ್ಕೊಳ್ಳಿ."

ಅವನು ಲಕೋಟೆಯ ಬಾಯಿಯನ್ನು ಎರಡು ಸಲ ಮಡಿಚಿದ. "ದಾರೀಲಿ ನೋಡ್ಬೇಕು ಅನ್ನಿಸಿದ್ರೆ?"

"ನೋಡ್ಬೇಡಿ. ನೋಡಿದಷ್ಟೂ ಹೋಗ್ತೀನಿ."

ಲಕೋಟೆಯನ್ನು ಅಂಗಿಯೊಳಗೆ ಇಳಿಸಿಕೊಂಡು, ಅದರ ಮೇಲೆ ಅಂಗೈಯಿಟ್ಟುಕೊಂಡು ಹೊರಟ. ಬೀದಿಯ ತಿರುವಿನವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಒಮ್ಮೆಯಾದರೂ ತಿರುಗುತ್ತಾನೆ ಎಂದುಕೊಂಡೆ.

ತಿರುಗಲಿಲ್ಲ. ನೋಡಿದಷ್ಟೂ ಹೋಗುತ್ತೇನೆಂದು ನಾನೇ ಹೇಳಿದ್ದೆನಲ್ಲ.